ಮಳೆಗಾಲದ ಕೊಡಗಿಗೆ ಯಾವ ಗಾಡಿ? ಹಿಂದಿನ ಚಕ್ರವೋ, ಮುಂದಿನದೋ, ನಾಲ್ಕೂ ಬೇಕೋ?

ನಮ್ಮ ಮನೆಯಿಂದ ಟಾರು ರಸ್ತೆಗೆ 300 ಮೀಟರ್ ದಾರಿ. ಅದರಲ್ಲಿ 250 ಮೀಟರ್ ಯಾವ ಗಾಡಿಯಾದರೂ ಹೋಗುತ್ತದೆ. ಉಳಿದ 50 ಮೀಟರ್ ಒಂದು ಏರು. ಕೆಂಪು ಜೇಡಿ ಮಣ್ಣು, ನಡುವೆ ಒಂದು ತಿರುವು, ಮೇಲೆ ಸಿಲ್ವರ್ ಮರಗಳ ನೆರಳು. ಫೆಬ್ರವರಿಯಲ್ಲಿ ಅಲ್ಲೊಂದು ಏರು ಇದೆ ಅಂತಲೇ ಅನ್ನಿಸುವುದಿಲ್ಲ. ಜುಲೈ ಬಂದರೆ ಮನೆಯ ಎಲ್ಲ ಕೆಲಸವೂ ಆ 50 ಮೀಟರನ್ನು ಕೇಳಿಕೊಂಡೇ ನಡೆಯಬೇಕು. ಮಕ್ಕಳನ್ನು ಶಾಲೆಗೆ ಬಿಡುವುದು, ಗ್ಯಾಸ್ ಸಿಲಿಂಡರ್ ತರುವುದು, ನಡುರಾತ್ರಿ ಯಾರಿಗಾದರೂ ಜ್ವರ ಏರಿದರೆ ಆಸ್ಪತ್ರೆಗೆ ಹೋಗುವುದು.

ಕೊಡಗಿನಲ್ಲಿ ರೈಲಿಲ್ಲ. ಬಸ್ಸು ದೊಡ್ಡ ರಸ್ತೆಯಲ್ಲಿ ನಿಲ್ಲುತ್ತದೆ, ತೋಟದ ಒಳಗೆ ಬರುವುದಿಲ್ಲ. ಹಾಗಾಗಿ ಗಾಡಿ ತೆಗೆದುಕೊಳ್ಳುವ ಮೊದಲು ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಹಿಂದಿನ ಚಕ್ರ ತಳ್ಳುವ ಗಾಡಿ ಸಾಕಾ, ಮುಂದಿನ ಚಕ್ರ ಎಳೆಯುವುದು ಒಳ್ಳೆಯದಾ, ಇಲ್ಲ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ವೀಲೇ ಬೇಕಾ? ಈ ಮೂರನ್ನೂ ನಾನು ಅದೇ ಏರಿನಲ್ಲಿ ಓಡಿಸಿದ್ದೇನೆ. ಮೂರೂ ಜಾರಿವೆ. ಆದರೆ ಒಂದೊಂದೂ ಜಾರುವ ರೀತಿ ಬೇರೆ. ಅದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ನನಗೆ ಇದನ್ನು ಮೊದಲು ಹೇಳಿಕೊಟ್ಟವರು ಚಿಕ್ಕಪ್ಪ. ಸೇನೆಯಲ್ಲಿ ಡ್ರೈವರ್ ಆಗಿದ್ದರು. ಲೇಹ್ ಕಡೆ ಹಿಮದಲ್ಲಿ ಲಾರಿ ಓಡಿಸಿದವರು. ಊರಿಗೆ ಬಂದ ಮೊದಲ ಕಕ್ಕಡ ತಿಂಗಳಲ್ಲೇ (ಜುಲೈ-ಆಗಸ್ಟ್ ನಡುವಿನ ಜೋರು ಮಳೆಯ ತಿಂಗಳು) ನಮ್ಮ ಏರಿನ ಬುಡದಲ್ಲಿ ನಿಂತು, "ಇದು ಹಿಮಕ್ಕಿಂತ ಏನೂ ಕಮ್ಮಿ ಇಲ್ಲ ಮಗಾ, ಬಣ್ಣ ಮಾತ್ರ ಬೇರೆ" ಅಂದರು. ನಮ್ಮಲ್ಲಿ ಮಂಜು ಅಂದರೆ ಕಣ್ಣಿಗೆ ಅಡ್ಡ ಬರುವುದು, ಚಕ್ರಕ್ಕೆ ಅಡ್ಡ ಬರುವುದಲ್ಲ. ಚಕ್ರವನ್ನು ಜಾರಿಸುವುದು ಕೆಸರು, ಪಾಚಿ, ಕೊಳೆತ ಎಲೆ. ಆದರೂ ಹಿಮದಲ್ಲಿ ಹಿಂದಿನ ಚಕ್ರದ ಗಾಡಿ ಓಡಿಸುವವರು ಕಲಿತ ಮುಕ್ಕಾಲು ಪಾಲು ಪಾಠ ಇಲ್ಲಿಗೂ ಸರಿಹೊಂದುತ್ತದೆ. ಉಳಿದ ಕಾಲು ಪಾಲು ಹೊಂದುವುದಿಲ್ಲ. ಅದನ್ನು ಟಯರಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಮೊದಲು ಸ್ವಲ್ಪ ಲೆಕ್ಕ

ಚಕ್ರ ಗಾಡಿಯನ್ನು ಎಷ್ಟು ಬಲವಾಗಿ ತಳ್ಳಬಹುದು ಅನ್ನುವುದನ್ನು ಎರಡು ಸಂಗತಿ ನಿರ್ಧರಿಸುತ್ತವೆ. ನೆಲದ ಹಿಡಿತ ಎಷ್ಟಿದೆ, ಆ ಚಕ್ರದ ಮೇಲೆ ಭಾರ ಎಷ್ಟಿದೆ. ಎಂಜಿನ್ನಿನ ಶಕ್ತಿ ಆಮೇಲಿನ ಮಾತು. ಒಣಗಿದ ಟಾರಿನಲ್ಲಿ ಹಿಡಿತ ಸುಮಾರು 0.8. ಅಂದರೆ ಚಕ್ರದ ಮೇಲೆ 100 ಕಿಲೋ ಭಾರ ಇದ್ದರೆ ಅದು 80 ಕಿಲೋದಷ್ಟು ಬಲದಿಂದ ತಳ್ಳಬಲ್ಲದು. ಮಳೆ ಬಿದ್ದ ಟಾರಿನಲ್ಲಿ ಇದು 0.5ರ ಆಸುಪಾಸು. ಗಾಡಿಗಳು ಓಡಾಡಿ ಗಟ್ಟಿಯಾದ ಹಿಮದಲ್ಲಿ 0.2ರಿಂದ 0.3. ಮಂಜುಗಡ್ಡೆಯ ಮೇಲೆ 0.1ರ ಹತ್ತಿರ. ಗಟ್ಟಿ ನೆಲದ ಮೇಲೆ ತೆಳ್ಳಗೆ ಕೂತ ಜೇಡಿ ಕೆಸರನ್ನು ನಾನು ಹಿಮದ ಪಕ್ಕದಲ್ಲೇ ಇಡುತ್ತೇನೆ.

ಈಗ ಹಿಡಿತ 0.3 ಇರುವ ಒಂದು ಏರು ಅಂದುಕೊಳ್ಳಿ. ಮುಂದಿನ ಚಕ್ರದ ಸಣ್ಣ ಕಾರಿನಲ್ಲಿ ಎಂಜಿನ್ ಮುಂದೆ ಇರುವುದರಿಂದ ಒಟ್ಟು ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂದೆ ಕೂತಿರುತ್ತದೆ. ಖಾಲಿ ಪಿಕಪ್ಪಿನಲ್ಲಿ ಹಿಂದಿನ ಚಕ್ರದ ಮೇಲೆ ಇರುವುದು 40 ಪಾಲು ಅಂದುಕೊಳ್ಳೋಣ. ಏರು ಹತ್ತುವಾಗ ಭಾರ ಸ್ವಲ್ಪ ಹಿಂದಕ್ಕೆ ಜರುಗುತ್ತದೆ. ಅದನ್ನೂ ಸೇರಿಸಿ ಕಾಗದದ ಮೇಲೆ ಹಾಕಿದರೆ ನನಗೆ ಸಿಕ್ಕಿದ್ದು ಹೀಗೆ. ಖಾಲಿ ಪಿಕಪ್ 100 ಅಡಿಗೆ 13 ಅಡಿ ಏರುವ ದಾರಿ ಹತ್ತುತ್ತದೆ. ಮುಂದಿನ ಚಕ್ರದ ಕಾರು 17 ಅಡಿ. ನಾಲ್ಕೂ ಚಕ್ರ ತಿರುಗುವ ಜೀಪು 30 ಅಡಿ.

ಇಲ್ಲಿಗೇ ನಿಲ್ಲಿಸಿದರೆ ಹಿಂದಿನ ಚಕ್ರದ ಗಾಡಿ ಸೋತಿತು ಅಂತ ಅನ್ನಿಸುತ್ತದೆ. ಆದರೆ ಅದೇ ಪಿಕಪ್ಪಿಗೆ ಗೊಬ್ಬರದ ಮೂಟೆ ಹಾಕಿ. ಹಿಂದಿನ ಪಾಲು 55ಕ್ಕೆ ಏರಿದರೆ ಅದು 18 ಅಡಿಯ ಏರು ಹತ್ತುತ್ತದೆ. ಕಾರಿನ ಹಿಂದಿನ ಸೀಟಿಗೆ ಮೂವರನ್ನು ಕೂರಿಸಿ, ಡಿಕ್ಕಿಗೆ ಅಕ್ಕಿ ಮೂಟೆ ಹಾಕಿ. ಮುಂದಿನ ಪಾಲು 50ಕ್ಕೆ ಇಳಿದರೆ ಅದು 14 ಅಡಿಗೇ ಸುಸ್ತು. ಒಂದಕ್ಕೆ ಭಾರ ಬಲ ಕೊಡುತ್ತದೆ, ಇನ್ನೊಂದರಿಂದ ಬಲ ಕಸಿಯುತ್ತದೆ. ಕೆಸರು ಚಕ್ರವನ್ನು ಹಿಡಿದೆಳೆಯುವುದನ್ನು ನಾನು ಸೇರಿಸಿಲ್ಲ, ಹಾಗಾಗಿ ನಿಜದ ದಾರಿಯಲ್ಲಿ ಎಲ್ಲ ಅಂಕಿಗಳೂ ಇನ್ನಷ್ಟು ಇಳಿಯುತ್ತವೆ. ಆದರೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಸಾಲು ಬದಲಾಗುವುದಿಲ್ಲ. ಸಂಸಾರ ಸಮೇತ ಕಾರಿನಲ್ಲಿ ಹತ್ತಲಾಗದ ಏರನ್ನು ಮೂಟೆ ತುಂಬಿದ ಹಳೆ ಪಿಕಪ್ ಹತ್ತಿ ಹೋಗುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಹಿಂದಿನ ಚಕ್ರದ ಗಾಡಿ

ಕೊಡಗಿನ ತೋಟಗಳನ್ನು ಬೆಳೆಸಿದ್ದೇ ಈ ಗಾಡಿಗಳು. ಓಮ್ನಿ, ಈಕೋ, ಬೊಲೆರೊ, ಪಿಕಪ್, ಹಳೆಯ ಇನ್ನೋವಾ, ಅದಕ್ಕೂ ಹಿಂದೆ ಅಂಬಾಸಿಡರ್. ಎಲ್ಲವೂ ಹಿಂದಿನ ಚಕ್ರದವು. ಓಮ್ನಿ ತಯಾರಿ 2019ರಲ್ಲಿ ನಿಂತಿತು. ಆದರೂ ನಾಪೋಕ್ಲು, ಶ್ರೀಮಂಗಲ, ಸೋಮವಾರಪೇಟೆ ಕಡೆ ಒಳ್ಳೆಯ ಓಮ್ನಿ ಸಿಕ್ಕಿದರೆ ಇವತ್ತಿಗೂ ತೆಗೆದುಕೊಳ್ಳುವವರು ಇದ್ದಾರೆ. ಅದರ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಮೂತಿಯಲ್ಲಿ ಇಲ್ಲ. ಹಿಂದೆ ಎರಡು ಮೂಟೆ ಹಾಕಿದರೆ ಸಾಕು, ಹಿಂದಿನ ಚಕ್ರ ನೆಲವನ್ನು ಒತ್ತಿ ಹಿಡಿಯುತ್ತದೆ.

ಈ ಗಾಡಿಯ ದೊಡ್ಡ ಗುಣ ಅಂದರೆ ಕೆಲಸ ಹಂಚಿಕೊಳ್ಳುವುದು. ಮುಂದಿನ ಚಕ್ರ ತಿರುಗಿಸುತ್ತದೆ, ಹಿಂದಿನದು ತಳ್ಳುತ್ತದೆ. ಏರಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗಿದರೂ ಸ್ಟೇರಿಂಗ್ ನಿಮ್ಮ ಕೈಯಲ್ಲೇ ಇರುತ್ತದೆ. ಹಿಂದಕ್ಕೆ ಜಾರಿದರೂ ಎಲ್ಲಿಗೆ ಜಾರಬೇಕು ಅಂತ ಸ್ವಲ್ಪ ಹೇಳಬಹುದು. ರಿಪೇರಿಯೂ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಗೋಣಿಕೊಪ್ಪದಲ್ಲೋ ಶನಿವಾರಸಂತೆಯಲ್ಲೋ ಯಾವ ಮೆಕ್ಯಾನಿಕ್ ಆದರೂ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾರೆ.

ದೋಷ ಇರುವುದು ಇಳಿಜಾರಿನಲ್ಲಿ. ಇಳಿಯುವಾಗ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರ ಆಗುತ್ತದೆ. ಆಗ ದಿಢೀರ್ ಅಂತ ಕೆಳ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಹಿಂದಿನ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತದೆ. ಗಾಡಿಯ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ನನಗೆ ಇದು ಆಗಿದ್ದು ಒಂದು ಆಗಸ್ಟ್ ಸಂಜೆ, ಖಾಲಿ ವ್ಯಾನಿನಲ್ಲಿ, ಮನೆಯ ಕಡೆ ಇಳಿಯುವಾಗ. ಮೂರರಿಂದ ಒಂದಕ್ಕೆ ಹಾಕಿದೆ. ಎರಡು ಸೆಕೆಂಡಿನಲ್ಲಿ ವ್ಯಾನಿನ ಮೂತಿ ಬಂದ ದಾರಿಯನ್ನೇ ನೋಡುತ್ತಿತ್ತು. ಹಿಂದಿನ ಬಾಗಿಲು ಚರಂಡಿಯ ದರೆಗೆ, ಅಂದರೆ ದಾರಿ ಪಕ್ಕದ ಮಣ್ಣಿನ ಗೋಡೆಗೆ, ಒರಗಿ ನಿಂತಿತು. ಕೆಳಗೆ ಗದ್ದೆ ಇದ್ದ ಕಡೆ ಬೀಸಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಅವತ್ತು ಚಿಕ್ಕಪ್ಪ ಬೈಯಲಿಲ್ಲ. "ಜಾರುವ ನೆಲದಲ್ಲಿ ಗಾಡಿಗೆ ಏನನ್ನೂ ಗಟ್ಟಿಯಾಗಿ ಹೇಳಬಾರದು. ಬ್ರೇಕೂ ಮೆಲ್ಲಗೆ, ಸ್ಟೇರಿಂಗೂ ಮೆಲ್ಲಗೆ, ಕ್ಲಚ್ಚೂ ಮೆಲ್ಲಗೆ. ಇಳಿಯುವ ಮೊದಲೇ ಗೇರು ಆರಿಸಿಕೋ, ನಡುವೆ ಬದಲಿಸಬೇಡ" ಅಂದರು. ಹಿಂಭಾಗ ಬೀಸಲು ಶುರುವಾದರೆ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಹಿಂಭಾಗ ಯಾವ ಕಡೆ ಹೋಗುತ್ತಿದೆಯೋ ಅದೇ ಕಡೆಗೆ ಸ್ಟೇರಿಂಗ್ ತಿರುಗಿಸಬೇಕು. ಕ್ಲಚ್ ಒತ್ತಿದರೆ ಹಿಂದಿನ ಚಕ್ರ ಬಿಡುಗಡೆಯಾಗಿ ಮತ್ತೆ ಉರುಳುತ್ತದೆ. ಹೇಳುವುದು ಸುಲಭ. ಕಾಫಿ ಒಣಗಿಸುವ ಕಣ ಖಾಲಿ ಇದ್ದು ಒದ್ದೆಯಾಗಿದ್ದಾಗ, ಸುತ್ತ ಯಾರೂ ಇಲ್ಲದಾಗ, ನಿಧಾನವಾಗಿ ನಾಲ್ಕು ಸಲ ಅಭ್ಯಾಸ ಮಾಡಿ. ಕಾಲಿಗೆ ಒಂದು ಸಲ ಗೊತ್ತಾದರೆ ಮರೆಯುವುದಿಲ್ಲ.

ಏರು ಹತ್ತುವಾಗ ಇನ್ನೊಂದು ತೊಂದರೆ ಇದೆ. ಹಿಂದಿನ ಎರಡು ಚಕ್ರಗಳಲ್ಲಿ ಒಂದು ಮಾತ್ರ ಕೆಸರಿನಲ್ಲಿ ಗಿರಗಿರ ತಿರುಗಿ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಎರಡು ಚಕ್ರಕ್ಕೂ ಬಲ ಹಂಚುವ ಡಿಫರೆನ್ಷಿಯಲ್ ಹಾಗೇ ಮಾಡಲ್ಪಟ್ಟಿದೆ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಅದು ಬೇಕು, ಆದರೆ ಕೆಸರಿನಲ್ಲಿ ಬಲವೆಲ್ಲ ಸುಲಭದ ಕಡೆ ಹರಿದುಹೋಗುತ್ತದೆ. ಹ್ಯಾಂಡ್ ಬ್ರೇಕನ್ನು ಎರಡು ಮೂರು ಕಟಕಟ ಎಳೆದು ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟು ನೋಡಿ. ಹ್ಯಾಂಡ್ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೇ. ತಿರುಗುವ ಚಕ್ರಕ್ಕೆ ತಡೆ ಬಿದ್ದಾಗ ಸ್ವಲ್ಪ ಬಲ ಇನ್ನೊಂದಕ್ಕೆ ಹೋಗುತ್ತದೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಮುಂದಿನ ಚಕ್ರದ ಕಾರಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಈ ಕೆಲಸವನ್ನು ತಾನಾಗಿಯೇ ಮಾಡುವ ಲಾಕ್ ಇರುವ ಡಿಫರೆನ್ಷಿಯಲ್ ಕೂಡ ಬರುತ್ತದೆ. 2021ರಲ್ಲಿ ಬಂದ ಬೊಲೆರೊ ನಿಯೋದ ಮೇಲಿನ ಮಾದರಿಯೊಂದರಲ್ಲಿ ಅದಿದೆ. ಎರಡೇ ಚಕ್ರ ತಳ್ಳುವ ಗಾಡಿಯೇ ಬೇಕು, ದಾರಿಯೂ ಕೆಟ್ಟದು ಅನ್ನುವವರಿಗೆ ಇದು ಬೆಲೆ ಬಾಳುವ ಭಾಗ.

ಭಾರ ಹಾಕುವ ಬಗ್ಗೆ ಒಂದು ಮಾತು. 50 ಕಿಲೋದ ಎರಡು ಮರಳಿನ ಮೂಟೆ ಸಾಕು. ಹಿಂದಿನ ಆಕ್ಸಲಿನ ನೇರ ಮೇಲೆ ಇಡಬೇಕು. ತೀರಾ ಹಿಂದಿನ ಬಾಗಿಲಿಗೆ ಒತ್ತಿ ಇಟ್ಟರೆ ಮೂತಿ ಹಗುರವಾಗಿ ಸ್ಟೇರಿಂಗಿನ ಹಿಡಿತ ಹೋಗುತ್ತದೆ. ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ. ಇಲ್ಲವಾದರೆ ಬ್ರೇಕ್ ಹಾಕಿದಾಗ ಮೂಟೆ ಮುಂದಕ್ಕೆ ಬಂದು ಕೂತವರ ಬೆನ್ನಿಗೆ ಹೊಡೆಯುತ್ತದೆ. ಮರಳೇ ಯಾಕೆ ಅಂದರೆ, ಸಿಕ್ಕಿಹಾಕಿಕೊಂಡಾಗ ಅದನ್ನೇ ಬಿಚ್ಚಿ ಚಕ್ರದ ಮುಂದೆ ಸುರಿಯಬಹುದು. ಹಿಮದ ದೇಶಗಳಲ್ಲೂ ಪಿಕಪ್ ಇರುವವರು ಚಳಿಗಾಲದಲ್ಲಿ ಇದನ್ನೇ ಮಾಡುತ್ತಾರೆ.

ಮುಂದಿನ ಚಕ್ರದ ಕಾರು

ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಈಗ ಬರುತ್ತಿರುವ ಹೆಚ್ಚಿನ ಸಣ್ಣ ಎಸ್‌ಯುವಿಗಳು ಎಲ್ಲವೂ ಇದೇ ಜಾತಿ. ಎತ್ತರವಾಗಿ, ಜೀಪಿನ ಹಾಗೆ ಕಂಡರೂ ಒಳಗೆ ಮುಂದಿನ ಚಕ್ರದ ಕಾರೇ. ಇನ್ನೋವಾ ಹೆಸರು ನೋಡಿ ಮೋಸ ಹೋಗಬೇಡಿ. ಕ್ರಿಸ್ಟಾ ಹಿಂದಿನ ಚಕ್ರದ್ದು, ಹೈಕ್ರಾಸ್ ಮುಂದಿನ ಚಕ್ರದ್ದು. ಹೆಸರು ಒಂದೇ, ಏರಿನಲ್ಲಿ ನಡೆ ಬೇರೆ.

ಟಾರು ರಸ್ತೆಯಲ್ಲಿ ಮಳೆ ಸುರಿಯುವಾಗ ಹೊಸಬರ ಕೈಗೆ ಕೊಡಬೇಕಾದರೆ ನಾನು ಇದನ್ನೇ ಕೊಡುತ್ತೇನೆ. ಸಂಪಾಜೆ ಘಾಟಿಯಲ್ಲೋ, ವಿರಾಜಪೇಟೆಯಿಂದ ಮಾಕುಟ್ಟ ಇಳಿಯುವಾಗಲೋ ಇದು ತಪ್ಪನ್ನು ಸಹಿಸಿಕೊಳ್ಳುತ್ತದೆ. ತಿರುವಿಗೆ ಜಾಸ್ತಿ ವೇಗವಾಗಿ ಬಂದರೆ ಹಿಂಭಾಗ ಬೀಸುವುದಿಲ್ಲ, ಮೂತಿ ನೇರ ಜಾರುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಹಿಡಿತ ಬರುತ್ತದೆ. ಭಯಬಿದ್ದ ಮನುಷ್ಯ ತಾನಾಗಿಯೇ ಮಾಡುವುದೂ ಅದನ್ನೇ. ಆದ್ದರಿಂದ ಇದು ಕ್ಷಮಿಸುವ ಗಾಡಿ.

ಕೆಸರಿನ ಏರಿನಲ್ಲಿ ಮಾತ್ರ ಒಂದೇ ಚಕ್ರ ಎರಡು ಕೆಲಸ ಮಾಡಬೇಕು, ಎಳೆಯಬೇಕು, ತಿರುಗಿಸಲೂಬೇಕು. ಎಳೆಯುವುದರಲ್ಲಿ ಹಿಡಿತ ಮುಗಿದರೆ ತಿರುಗಿಸಲು ಏನೂ ಉಳಿಯುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಕಾರು ನೇರ ದರೆಯ ಕಡೆ ಹೋಗುತ್ತದೆ. ಏರಿನ ನಡುವೆ ತಿರುವು ಇದ್ದರೆ ಈ ಕಾರು ಸೋಲುವುದು ಅಲ್ಲೇ. ಒಂದು ಹಳೆಯ ಉಪಾಯ ಇದೆ. ಚಿಕ್ಕ, ನೇರ ಏರಾದರೆ ರಿವರ್ಸ್‌ನಲ್ಲಿ ಹತ್ತಿ. ಆಗ ಎಳೆಯುವ ಚಕ್ರ ಕೆಳಗಡೆ ಇರುತ್ತದೆ, ಭಾರ ಅದರ ಮೇಲೆ ಕೂರುತ್ತದೆ. ಪಕ್ಕದಲ್ಲಿ ಒಬ್ಬರು ನಿಂತು ದಾರಿ ಹೇಳಬೇಕು. ಪ್ರಪಾತ ಇರುವ ಕಡೆ ಈ ಸಾಹಸ ಬೇಡ.

ಫೋರ್ ವೀಲ್

ಜಿಪ್ಸಿ, ಜಿಮ್ನಿ, ಥಾರ್, ಹಳೆಯ ಮಹೀಂದ್ರ ಜೀಪು. ಮಾಂದಲ್‌ಪಟ್ಟಿಗೆ ಪ್ರವಾಸಿಗಳನ್ನು ಹತ್ತಿಸುವುದು ಜೀಪುಗಳೇ. ಆ ದಾರಿ ಒಂದು ಸಲ ನೋಡಿದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಲೆಕ್ಕದಲ್ಲಿ ನೋಡಿದ ಹಾಗೆ, ಏರು ಹತ್ತುವುದರಲ್ಲಿ ಇದರ ಹತ್ತಿರ ಬೇರೆ ಯಾವುದೂ ಬರುವುದಿಲ್ಲ. ಗಾಡಿಯ ಪೂರ್ತಿ ತೂಕ ಹಿಡಿತವಾಗಿ ಬದಲಾಗುತ್ತದೆ.

ಜೊತೆಗೆ ಲೋ ಗೇರ್ (ಗಾಡಿಯನ್ನು ತೀರಾ ನಿಧಾನಕ್ಕೆ, ಬಲವಾಗಿ ನಡೆಸುವ ಹೆಚ್ಚುವರಿ ಗೇರು) ಇದ್ದರೆ ಇಳಿಯುವುದಕ್ಕೂ ಅನುಕೂಲ. ಬ್ರೇಕ್ ಮುಟ್ಟದೆ, ಎಂಜಿನ್ನೇ ನಾಲ್ಕೂ ಚಕ್ರಗಳನ್ನು ಸಮವಾಗಿ ಹಿಡಿದುಕೊಂಡು ನಡೆಯುವ ವೇಗದಲ್ಲಿ ಇಳಿಸುತ್ತದೆ. ನನ್ನ ಮಟ್ಟಿಗೆ ಫೋರ್ ವೀಲಿಗೆ ಕೊಡುವ ಹಣ ಇದಕ್ಕಾಗಿಯೇ. ಹತ್ತಲಾಗದಿದ್ದರೆ ಕೆಳಗೆ ನಿಲ್ಲಿಸಿ ನಡೆದು ಹೋಗಬಹುದು. ಇಳಿಯುವಾಗ ಜಾರಿದರೆ ಆ ಆಯ್ಕೆ ಇಲ್ಲ.

ಆದರೆ ಜನ ಮರೆಯುವ ವಿಷಯ ಒಂದಿದೆ. ಬ್ರೇಕ್ ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇದೆ. ಟಾರಿನ ಮೇಲೆ ನಿಲ್ಲಿಸುವಾಗ ಫೋರ್ ವೀಲ್ ಗಾಡಿ ಒಂದು ಅಡಿ ಕೂಡ ಮುಂಚೆ ನಿಲ್ಲುವುದಿಲ್ಲ. ತಿರುವಿನಲ್ಲೂ ಜಾಸ್ತಿ ಹಿಡಿಯುವುದಿಲ್ಲ. ಹಿಮದ ನಾಡಿನಲ್ಲೂ ಇದೇ ಕಥೆ. ಹೊರಡುವಾಗ ಸಲೀಸಾಗಿ ಹೊರಟ ಗಾಡಿ ನಿಲ್ಲುವಾಗಲೂ ಸಲೀಸಾಗಿ ನಿಲ್ಲುತ್ತದೆ ಅಂತ ನಂಬಿ ರಸ್ತೆಯಿಂದ ಕೆಳಗೆ ಹೋಗುತ್ತಾರೆ. ತೂಕವೂ ಮುಖ್ಯ. ಜಿಮ್ನಿ ಸುಮಾರು 1,200 ಕಿಲೋ. ಥಾರ್ ಅದಕ್ಕಿಂತ ತುಂಬಾ ಭಾರ. ಮೆತ್ತನೆಯ ನೆಲದಲ್ಲಿ ಹಗುರ ಗಾಡಿ ಮೇಲೆ ತೇಲಿಕೊಂಡು ಹೋಗುವ ಕಡೆ ಭಾರದ್ದು ಹೂತುಕೊಳ್ಳುತ್ತದೆ. ಜಿಪ್ಸಿ ಬಿಟ್ಟುಕೊಡಲು ಹಳೆಯ ತೋಟಗಾರರಿಗೆ ಮನಸ್ಸು ಬರದಿರುವುದಕ್ಕೆ ಅದರ ಹಗುರತನವೇ ದೊಡ್ಡ ಕಾರಣ.

ಇನ್ನೊಂದು ಎಚ್ಚರ. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ಟಾರಿನಲ್ಲಿ ಫೋರ್ ವೀಲ್ ಹಾಕಿಕೊಂಡು ತಿರುವು ತೆಗೆದರೆ ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೆಸರು ಮುಗಿದ ಕೂಡಲೇ ಟೂ ವೀಲಿಗೆ ಬನ್ನಿ. ಮತ್ತೆ, 2023ರ ಜನವರಿಯಿಂದ ಥಾರ್ ಹಿಂದಿನ ಚಕ್ರ ಮಾತ್ರ ತಳ್ಳುವ ಮಾದರಿಯಲ್ಲೂ ಸಿಗುತ್ತಿದೆ. ಹೊರಗೆ ಜೀಪಿನ ರೂಪವೇ. ಸೆಕೆಂಡ್ ಹ್ಯಾಂಡ್ ನೋಡುವವರು ಗೇರಿನ ಪಕ್ಕದಲ್ಲಿ ಎರಡನೆಯ ಲಿವರ್ ಇದೆಯಾ ಅಂತ ಮೊದಲು ನೋಡಿ.

ಟಯರು: ಇಲ್ಲಿ ಹಿಮದ ಪಾಠ ತಲೆಕೆಳಗು

ನನ್ನ ಕೇಳಿದರೆ, ಯಾವ ಚಕ್ರ ತಳ್ಳುತ್ತದೆ ಅನ್ನುವುದಕ್ಕಿಂತ ಆ ಚಕ್ರಕ್ಕೆ ಯಾವ ಟಯರಿದೆ ಅನ್ನುವುದೇ ದೊಡ್ಡದು. ಸವೆದ ಟಯರಿನ ಫೋರ್ ವೀಲ್ ಜೀಪಿಗಿಂತ ಹೊಸ ಟಯರಿನ ಖಾಲಿ ಬೊಲೆರೊ ನನಗೆ ಇಷ್ಟ.

ಹಿಮದ ದೇಶಗಳಲ್ಲಿ ಚಳಿಗಾಲದ ಟಯರು ಅಂತಲೇ ಬೇರೆ ಇರುತ್ತದೆ. ಅದರ ರಬ್ಬರು ಮೆತ್ತಗೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದಾಗ ಮಾಮೂಲಿ ಟಯರು ಗಟ್ಟಿಯಾಗುತ್ತದೆ, ಇದು ಆಗುವುದಿಲ್ಲ. ಮೈಮೇಲೆ ಕೂದಲೆಳೆಯಂಥ ಸೀಳುಗಳಿರುತ್ತವೆ. ಅವುಗಳಲ್ಲಿ ಹಿಮ ತುಂಬಿಕೊಳ್ಳಬೇಕು, ಯಾಕೆಂದರೆ ಹಿಮ ಹಿಮವನ್ನು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಕೆಸರಿನಲ್ಲಿ ಇದು ತದ್ವಿರುದ್ಧ. ಕೆಸರು ತುಂಬಿಕೊಂಡ ಟಯರು ಬೆಣ್ಣೆ ಸವರಿದ ಹಾಗೆ. ಕೆಸರಿನ ಟಯರು ತುಂಬಿಕೊಂಡದ್ದನ್ನು ಪ್ರತಿ ಸುತ್ತಿಗೂ ಎಸೆಯಬೇಕು. ಅದಕ್ಕೇ ಅದರ ಗಟ್ಟಿಗಳು ದೊಡ್ಡವು, ನಡುವಿನ ಸಂದು ಅಗಲ. ಹಾಗಾಗಿ ಹೊರದೇಶದ ಸಲಹೆ ಓದಿ ಚಳಿಗಾಲದ ಟಯರು ಹುಡುಕಬೇಡಿ. ಮಡಿಕೇರಿಯ ಜುಲೈ ಎಷ್ಟೇ ತಣ್ಣಗಿದ್ದರೂ ಆ ಟಯರಿಗೆ ಅದು ಬೇಸಿಗೆಯೇ, ಬೇಗ ಸವೆಯುತ್ತದೆ.

ನಮಗೆ ಇರುವ ಆಯ್ಕೆ ಮೂರು. ರಸ್ತೆಯ ಟಯರು, ಟಾರು ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್, ಕೆಸರಿನ ಮಡ್ ಟೆರೇನ್. ಮಡ್ ಟೆರೇನ್ ಹಾಕಿದ ಜೀಪು ನೋಡಲು ಚೆಂದ, ಆಳದ ಕೆಸರಿನಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಒದ್ದೆ ಟಾರಿನಲ್ಲಿ ನೆಲಕ್ಕೆ ತಾಗುವ ರಬ್ಬರು ಕಡಿಮೆ, ಹಿಡಿತವೂ ಕಡಿಮೆ. ಪಾಚಿ ಹಿಡಿದ ಕಾಂಕ್ರೀಟ್ ರಸ್ತೆಯಲ್ಲಂತೂ ದೊಡ್ಡ ಗಟ್ಟಿಗಳಿಗೆ ಕಚ್ಚಲು ಏನೂ ಸಿಗುವುದಿಲ್ಲ. ಮರದ ನೆರಳಿನ ಹಳೆಯ ಕಾಂಕ್ರೀಟ್ ಏರುಗಳು ನಮ್ಮಲ್ಲಿ ಎಷ್ಟಿವೆ ನೋಡಿ. ಕೆಸರು ಕಣ್ಣಿಗೆ ಕಾಣುತ್ತದೆ, ಪಾಚಿ ಕಾಣುವುದಿಲ್ಲ. ಅಲ್ಲಿಗೆ ಟಯರಿಗಿಂತ ಬ್ಲೀಚಿಂಗ್ ಪೌಡರ್ ಮತ್ತು ಗಟ್ಟಿ ಪೊರಕೆ ಒಳ್ಳೆಯ ಮದ್ದು. ತೋಟದ ದಾರಿಗಿಂತ ಟಾರಿನಲ್ಲಿ ಓಡುವುದೇ ಜಾಸ್ತಿ ಅಂತಾದರೆ ಆಲ್ ಟೆರೇನ್ ಸಾಕು. ನಮ್ಮ ಮನೆಯಲ್ಲಿ ಇರುವುದೂ ಅದೇ.

ಕಾರಿನ ಟಯರಿನಲ್ಲಿ ಸಂದಿನ ಆಳ 1.6 ಮಿಲಿಮೀಟರ್ ಉಳಿದಿರಲೇಬೇಕು ಅನ್ನುವುದು ಕಾನೂನು. ಅದು ರಸ್ತೆಯ ಲೆಕ್ಕ. ಕೆಸರಿಗೆ ಅಷ್ಟು ಏನೂ ಅಲ್ಲ. ನಾನು 4 ಮಿಲಿಮೀಟರಿಗೆ ಇಳಿದ ಟಯರಿನಲ್ಲಿ ಜೂನ್ ತಿಂಗಳಿಗೆ ಕಾಲಿಡುವುದಿಲ್ಲ. ಗಾಳಿಯನ್ನೂ ನೋಡಿಕೊಳ್ಳಿ. 30 ಪಿಎಸ್‌ಐ ಇರುವುದನ್ನು 20ರ ಹತ್ತಿರ ಇಳಿಸಿದರೆ ಟಯರು ಅಗಲವಾಗಿ ಹರಡಿ ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಟಾರಿಗೆ ಬಂದ ಮೇಲೆ ಮತ್ತೆ ತುಂಬಿಸಲೇಬೇಕು. ಕಾರಿನಲ್ಲೇ ಚುಚ್ಚಿ ನಡೆಸುವ ಸಣ್ಣ ಪಂಪ್ ಇಟ್ಟುಕೊಳ್ಳಿ.

ಚೈನ್ ಹಿಮದ್ದೇ ಉಪಾಯ, ಇಲ್ಲಿಗೂ ನಡೆಯುತ್ತದೆ. ತಳ್ಳುವ ಚಕ್ರಕ್ಕೆ ಕಟ್ಟಬೇಕು. ಬೊಲೆರೊಗೆ ಹಿಂದೆ, ಸ್ವಿಫ್ಟಿಗೆ ಮುಂದೆ. ಟಾರಿನ ಮೇಲೆ ಚೈನ್ ಓಡಿಸಿದರೆ ಟಯರೂ ಹಾಳು, ರಸ್ತೆಯೂ ಹಾಳು. ದಿನಾ ಎರಡು ಸಲ ಮಳೆಯಲ್ಲಿ ಕೂತು ಕಟ್ಟಿ ಬಿಚ್ಚುವ ತಾಳ್ಮೆ ನನಗಿಲ್ಲ. ತೋಟದ ಒಳಗೇ ಓಡುವ ಪಿಕಪ್ಪಿಗೆ ಮಾತ್ರ ಅದು ಸರಿ.

ಓಡಿಸುವ ರೀತಿಯಲ್ಲೂ ಒಂದು ವ್ಯತ್ಯಾಸ ಇದೆ. ಹಿಮದಲ್ಲಿ ಎರಡನೆಯ ಗೇರಿನಲ್ಲಿ ಮೆಲ್ಲಗೆ ಹೊರಡು ಅನ್ನುತ್ತಾರೆ. ಗಟ್ಟಿ ನೆಲದ ಮೇಲಿನ ತೆಳು ಕೆಸರಿಗೆ ಅದೇ ಸರಿ. ಆಳದ ಕೆಸರಿಗೆ ಮೆಲ್ಲಗೆ ಹೋದರೆ ಅಲ್ಲೇ ಕೂರುತ್ತೀರಿ. ಮೊದಲೇ ಹದವಾದ ವೇಗ ಹಿಡಿದು, ನಿಲ್ಲಿಸದೆ ದಾಟಬೇಕು. ಯಾವ ಕೆಸರು ಅಂತ ತಿಳಿಯಲು ಇಳಿದು, ಗಂಬೂಟ್ ಹಾಕಿಕೊಂಡು ನಡೆದು ನೋಡಿ. ಅರ್ಧ ನಿಮಿಷದ ಕೆಲಸ.

ಬ್ರೇಕ್ ತುಳಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಬಗ್ಗೆಯೂ ತಿಳಿದಿರಲಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಅದು ಕಡ್ಡಾಯ. ಟಾರಿನಲ್ಲಿ ಅದು ಜೀವ ಉಳಿಸುತ್ತದೆ. ಸಡಿಲ ಮಣ್ಣಿನಲ್ಲಿ, ಹಿಮದಲ್ಲಿ ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ, ಯಾಕೆಂದರೆ ಚಕ್ರ ನಿಂತು ಮಣ್ಣನ್ನು ಗುಡ್ಡೆ ಹಾಕಲು ಅದು ಬಿಡುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ನಂಬಿಕೊಂಡು ಇಳಿಯಬಾರದು ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಹಾಗಾದರೆ ಯಾರಿಗೆ ಯಾವುದು?

ಗಾಡಿ ನೋಡುವ ಮೊದಲು ನಿಮ್ಮ ದಾರಿಯ ಅತಿ ಕೆಟ್ಟ 50 ಮೀಟರ್ ಎಲ್ಲಿದೆ ಅಂತ ನೋಡಿ. ಕುಶಾಲನಗರ, ಮಡಿಕೇರಿ ಪೇಟೆ, ವಿರಾಜಪೇಟೆ ಪೇಟೆಯಲ್ಲಿ ಮನೆ ಇದ್ದು ಬಾಗಿಲವರೆಗೂ ಟಾರು ಇದ್ದರೆ ಮುಂದಿನ ಚಕ್ರದ ಕಾರು ತೆಗೆದುಕೊಳ್ಳಿ. ಉಳಿದ ಹಣದಲ್ಲಿ ಒಳ್ಳೆಯ ಟಯರು ಹಾಕಿಸಿ. ಫೋರ್ ವೀಲ್ ನಿಮಗೆ ಬರೀ ಡೀಸೆಲ್ ಖರ್ಚು.

ತೋಟ ಇದೆ, ಮೂಟೆ ಸಾಗಿಸುವುದಿದೆ, ದಾರಿ ಕಲ್ಲು ಹಾಸಿದ್ದು ಅಥವಾ ಹದವಾದ ಏರು ಅನ್ನುವವರಿಗೆ ಹಿಂದಿನ ಚಕ್ರದ ಗಾಡಿಯೇ ಸರಿ. ಈಗಾಗಲೇ ಅಂಥದ್ದು ಇದ್ದರೆ ಮಾರಬೇಡಿ. ಹಿಂದೆ ಎರಡು ಹೊಸ ಆಲ್ ಟೆರೇನ್, ಎರಡು ಮರಳಿನ ಮೂಟೆ, ಒಂದು ಗುದ್ದಲಿ, ಗಟ್ಟಿ ಹಗ್ಗ. ಇದರ ಮೇಲೆ ಇನ್ನೂ ಹಣ ಹಾಕುವ ಮನಸ್ಸಿದ್ದರೆ ಗಾಡಿಗಲ್ಲ, ದಾರಿಗೆ ಹಾಕಿ. ನಮ್ಮ ಏರಿನ ತಿರುವಿಗೆ ಎರಡು ಲೋಡ್ ದಪ್ಪ ಜಲ್ಲಿ ಹಾಕಿಸಿ, ಮೇಲಿನಿಂದ ಬರುವ ನೀರಿಗೆ ಅಡ್ಡ ಚರಂಡಿ ತೆಗೆಸಿದ ವರ್ಷ ನಮ್ಮ ವ್ಯಾನ್ ಒಂದು ಸಲವೂ ಸಿಕ್ಕಿಹಾಕಿಕೊಳ್ಳಲಿಲ್ಲ. ಹಿಂದಿನ ವರ್ಷ ಏಳು ಸಲ ಟ್ರ್ಯಾಕ್ಟರ್ ಕರೆಸಿದ್ದೆವು.

ಭಾಗಮಂಡಲ, ಗಾಳಿಬೀಡು, ಕಕ್ಕಬ್ಬೆ ಕಡೆ ಬೆಟ್ಟದ ಮೇಲಿನ ಮನೆ, ಕಡಿದಾದ ಮಣ್ಣಿನ ಏರು, ಮನೆಯಲ್ಲಿ ವಯಸ್ಸಾದವರು ಇದ್ದಾರೆ ಅಂದರೆ ಎರಡು ಯೋಚನೆ ಬೇಡ, ಲೋ ಗೇರ್ ಇರುವ ಹಗುರ ಫೋರ್ ವೀಲ್. ರಾತ್ರಿ ಎರಡು ಗಂಟೆಗೆ ಟ್ರ್ಯಾಕ್ಟರ್ ಹುಡುಕಿಕೊಂಡು ಹೋಗುವ ಹಾಗಿರಬಾರದು. ಆದರೆ ಯಾವ ಗಾಡಿಗೂ ಮೀರಿದ ದಿನಗಳಿವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡವೇ ಇಳಿದು ಬಂದಾಗ ರಸ್ತೆಯೇ ಇರಲಿಲ್ಲ. ದರೆಯಿಂದ ಕೆಂಪು ನೀರು ಹೊಸದಾಗಿ ಬರುತ್ತಿದ್ದರೆ, ಮರ ವಾಲಿದ್ದರೆ, ತೋಡಿನ ನೀರು ಸೇತುವೆ ಮೇಲೆ ಹರಿಯುತ್ತಿದ್ದರೆ ಗಾಡಿ ತೆಗೆಯಬೇಡಿ. ಜೀಪಿದ್ದರೂ ತೆಗೆಯಬೇಡಿ.

ಹಳೆಯ ಫೋರ್ ವೀಲ್ ನೋಡಲು ಹೋಗುವವರಿಗೆ ಕೊನೆಯದಾಗಿ ಒಂದು. ಏಪ್ರಿಲ್‌ನಲ್ಲಿ, ಪೇಟೆಯ ಟಾರಿನ ಮೇಲೆ ಓಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಜೀಪುಗಳಲ್ಲಿ ಲಿವರ್ ಇರುತ್ತದೆ, ಮುಂದಿನ ಚಕ್ರಕ್ಕೆ ಬಲ ಹೋಗುವುದಿಲ್ಲ. ಜುಲೈನಲ್ಲಿ ಹೋಗಿ. ಒಂದು ಕೆಸರಿನ ಏರಿನ ನಡುವೆ ನಿಲ್ಲಿಸಿ, ಫೋರ್ ವೀಲ್ ಹಾಕಿ ಮತ್ತೆ ಹೊರಡಲು ಹೇಳಿ. ನೀವು ಇಳಿದು, ಗಾಡಿಯ ದಾರಿ ಬಿಟ್ಟು ಪಕ್ಕದ ದರೆಯ ಮೇಲೆ ನಿಂತು ಮುಂದಿನ ಚಕ್ರವನ್ನೇ ನೋಡುತ್ತಿರಿ. ಹೊರಡುವಾಗ ಅದು ಮಣ್ಣು ಎಸೆದರೆ ಬೆಲೆ ಮಾತಾಡಿ.